ಪಕ್ಕದ ಸೀಟಿನ ದನಿ

ಪ್ರೀತಿಯ ಅಪ್ಪಾ,

ಫೋನ್ ಬಿಟ್ಟು ಕಾಗದ ಬರೆದಿದ್ದಾಳೆಂದು ನಗಬೇಡಿ. ಹಾಸ್ಟೆಲಿನಲ್ಲಿ ನಮ್ಮ ಕೈಗೆ ಫೋನ್ ಸಿಗುವುದೇ ಸಂಜೆ. ಆಗ ನೀವು ಡ್ರೈವ್ ಮಾಡುತ್ತಿದ್ದರೂ ನನ್ನ ಕಾಲ್ ಎತ್ತುತ್ತೀರಿ.

ಕಳೆದ ವಾರ ನಿಮ್ಮ ಪಕ್ಕದಿಂದ ಯಾರೋ, "ರೀ, ಮುಂದೆ ನೋಡ್ಕೊಂಡು ಓಡ್ಸಿ" ಅಂದರು. ಯಾರೆಂದು ಕೇಳಿದರೆ, "ನಾನೊಬ್ನೇ ಇದೀನಿ ಕಣೇ. ಫಸ್ಟ್ ಇಯರ್ ಟೆನ್ಷನ್ ನಿಂಗೆ" ಅಂದಿರಿ. ಅಮ್ಮ ತೀರಿಕೊಂಡು ವರ್ಷವಾದರೇನು, ಅವಳ ದನಿ ನನಗೆ ಗೊತ್ತಾಗುವುದಿಲ್ಲವೇ?

ಪ್ಲೀಸ್, ಕಾರು ಹತ್ತುವ ಮೊದಲು ಫೋನ್ ಆಫ್ ಮಾಡಿ ಡಿಕ್ಕಿಯಲ್ಲಿಡಿ. ವಾರ್ಡನ್ ಮೇಡಂ ಹತ್ತಿರ ಗೋಗರೆದು ಟೈಮ್ ಬದಲಾಯಿಸಿಕೊಂಡಿದ್ದೇನೆ. ನೀವು ಮನೆ ಸೇರಿದ ಮೇಲೆಯೇ ಮಾತಾಡೋಣ.

ನಿನ್ನೆಯ ಕಾಲ್‌ನಲ್ಲೂ ಅಮ್ಮನ ದನಿ ಕೇಳಿಸಿತು ಅಪ್ಪಾ. ಈ ಸಲ ಅವಳು ಗದರಲಿಲ್ಲ. "ಇರ್ಲಿ ಬಿಡಿ, ಮಾತಾಡ್ತಾನೇ ಬನ್ನಿ. ನಾನು ಕಾಯ್ತಿದೀನಿ" ಅಂದಳು.

ನಾನೂ ಕಾಯುತ್ತಿದ್ದೇನೆ,
ನಿಮ್ಮ ಪುಟ್ಟಿ