ಒದ್ದೆಯಾಗದ ಬಟ್ಟೆ

ಒಡ್ಡು ಕಟ್ಟಿದ ತೊಂಬತ್ತೊಂದನೆಯ ವರ್ಷ, ದೊಡ್ಡ ಉಬ್ಬರದ ಮರುದಿನ.

ಹಿಂದಿನ ಕಾಲದ ಅಕ್ಕಂದಿರೇ,

ಈ ದಿನ ನಿಮ್ಮ ಪಂಚಾಂಗದಲ್ಲಿ ಸಿಗುವುದಿಲ್ಲ. ನನ್ನ ಕೆಲವು ಮಾತುಗಳೂ ನಿಮಗೆ ಹೊಸತಾಗಿ, ಒರಟಾಗಿ ಕೇಳಿಸಬಹುದು. ಕ್ಷಮಿಸಿ. ನಾನು ಬೊಮ್ಮಿ, ಒಡ್ಡಿನ ಗೋಡೆಗೆ ಅಂಟಿಸಿದ ಕರಪತ್ರಗಳಲ್ಲಿ ಓದು ಕಲಿತವಳು. ನಯವಾಗಿ ಬರೆಯುವುದನ್ನು ಅವು ಕಲಿಸಲಿಲ್ಲ.

ಕಡಲು ಏರಿದ ಮೇಲೆ ನಮ್ಮೂರು ಮಣ್ಣಿನ ಒಡ್ಡಿನ ಒಳಗೆ ಬದುಕುತ್ತಿದೆ. ಅಲೆ ದಿನವೂ ಒಡ್ಡನ್ನು ತಿನ್ನುತ್ತದೆ, ನಾವು ದಿನವೂ ಮಣ್ಣು ಹಾಕುತ್ತೇವೆ. ಗಂಡಸರು ದೋಣಿಯಲ್ಲಿ ಕೆಸರು ಎತ್ತಿ ತರುತ್ತಾರೆ, ಹೆಂಗಸರು ಅದನ್ನು ಬುಟ್ಟಿಯಲ್ಲಿ ತಲೆಯ ಮೇಲೆ ಹೊರುತ್ತಾರೆ. ಹೆತ್ತ ಮೈ ಒಣಗುವ ಮೊದಲೇ ಬುಟ್ಟಿ ಮತ್ತೆ ತಲೆ ಹತ್ತುತ್ತದೆ. ಮೂತ್ರಕೋಶ, ಗರ್ಭಕೋಶ, ಮಲಕರುಳು, ಇವುಗಳನ್ನು ಕೆಳಗಿನಿಂದ ಹಿಡಿದಿರುವ ಸ್ನಾಯುಗಳನ್ನು ನಾವು ಜೋಲಿ ಎನ್ನುತ್ತೇವೆ. ಜೋಲಿ ಸಡಿಲವಾದರೆ ಅವೆಲ್ಲ ಕೆಳಗೆ ಜಾರುತ್ತವೆ. ಅದಕ್ಕೇ ಮೊದಲ ಬುಟ್ಟಿ ಹೊತ್ತ ದಿನದಿಂದ ಹುಡುಗಿಯರಿಗೆ ಒಂದು ಕೂಗು ಕಲಿಸುತ್ತಾರೆ: “ಕೆಳಗೆ ಬಿಗೀ!” ಸಾಲಿನ ಮುಂದಿನವಳು ಕೂಗಿದರೆ ಹಿಂದಿನವರೆಲ್ಲ ಮೈಯನ್ನು ಬಿಗಿ ಹಿಡಿಯುತ್ತಾರೆ. ಮುದುಕಿಯಾದರೂ ಆ ಅಭ್ಯಾಸ ಹೋಗುವುದಿಲ್ಲ. ಯಾರು ಗಟ್ಟಿಯಾಗಿ ಏನು ಹೇಳಿದರೂ ಮೈ ಮೊದಲು ಬಿಗಿಯುತ್ತದೆ.

ನನ್ನನ್ನು ಹೆತ್ತ ಅವ್ವಿ ಗಣಪಿಯ ಜೋಲಿ ಹರಿದಿತ್ತು. ಕೆಳಗೆ ಬಂದದ್ದನ್ನು ಬೆರಳಿನಿಂದ ಒಳಗೆ ತಳ್ಳಿಕೊಂಡು, ಬಟ್ಟೆ ಕಟ್ಟಿಕೊಂಡು ಅವಳು ಬುಟ್ಟಿ ಹೊರುತ್ತಿದ್ದಳು. ಹೊರೆಮಾಫಿ, ಅಂದರೆ ಇನ್ನು ಹೊರಬೇಡ ಎಂಬ ಅಪ್ಪಣೆ, ಒಡ್ಡುಕೂಟದ ಹಿರಿಯರ ಕೈಯಲ್ಲಿತ್ತು. ಅವರು ಹೆಂಗಸಿನ ಮಾತನ್ನು ನಂಬುತ್ತಿರಲಿಲ್ಲ. ಚಿತ್ರವನ್ನು ನಂಬುತ್ತಿದ್ದರು.

ಚಿತ್ರ ತೆಗೆಯಲು ವರ್ಷಕ್ಕೊಮ್ಮೆ ಕಾಂತದೋಣಿ ಬರುತ್ತದೆ. ನೀವು ಎಂ.ಆರ್.ಐ. ಎನ್ನುವ ಯಂತ್ರವೇ ಅದರ ಹೊಟ್ಟೆಯಲ್ಲಿದೆ. ಅವ್ವಿಯ ಸರದಿ ಬಂದ ದಿನ ಸಾಲಿನಲ್ಲಿ ಕೂತ ಹೆಂಗಸರು ಹೆದರಿಕೆ ಮರೆಯಲು ನಗುತ್ತಿದ್ದರು. “ಕಬ್ಬಿಣದ್ದೆಲ್ಲ ಹೊರಗೇ ಬಿಟ್ಟು ಬರ್ಬೇಕಂತೆ. ಹಂಗಾರೆ ನನ್ನ ಅತ್ತೆ ಒಳಗೆ ಬರೂಕಾಗೂದಿಲ್ಲ!” ಎಂದಳು ಪಕ್ಕದ ಮನೆಯ ಮಾಚಿ. ಅವ್ವಿ ನಕ್ಕು, ನಗುವಾಗಲೂ ಸೊಂಟ ಹಿಡಿದುಕೊಂಡಳು.

ಯಂತ್ರ ನೋಡಿಕೊಳ್ಳುವ ಫಿಲೋಮಿನಾ ಗಂಜಿಯಂಥದೊಂದನ್ನು ಅವ್ವಿಯ ಮಲದ್ವಾರದಿಂದ ಒಳಗೆ ತುಂಬಿ, ಕೆಳಗೆ ಬಿಳಿ ಬಟ್ಟೆ ಹಾಸಿ, ಸುರಂಗದೊಳಗೆ ಮಲಗಿಸಿದರು. ಬಿಗಿ ಹಿಡಿಯಿರಿ, ಸಡಿಲ ಬಿಡಿ, ಈಗ ಹೆರಿಗೆಯಲ್ಲಿ ಮುಕ್ಕಿದ ಹಾಗೆ ಕೆಳಕ್ಕೆ ಒತ್ತಿ ಮುಕ್ಕಿ, ತುಂಬಿದ್ದೆಲ್ಲ ಹೊರಗೆ ಬರಲಿ ಎಂದು ಯಂತ್ರದ ಧ್ವನಿ ಹೇಳುತ್ತದೆ. ಜಾರುವ ಅಂಗಗಳು ಪೂರ್ತಿ ಕಾಣುವುದು ಹಾಗೆ ಮುಕ್ಕಿದಾಗಲೇ.

ಹೊರಗೆ ಬಂದ ಅವ್ವಿಯ ಮುಖದಲ್ಲಿ ಹೆಮ್ಮೆಯಿತ್ತು. “ಹಾಸಿದ್ ಬಟ್ಟೆಗೆ ಒಂದ್ ಹನಿ ತಾಗ್ಸ್ಲಿಲ್ಲ ಮಗಾ. ಕಂಡೋರ ಕೈಲಿ ಒಗೆಸ್ವಷ್ಟು ಮಾನಗೆಟ್ಟಿಲ್ಲ ನಾನು.”

ನನಗೂ ಅವಳನ್ನು ಕಂಡು ಹೆಮ್ಮೆಯಾಯಿತು.

ದೂರದ ಘಟ್ಟದ ಮೇಲೆ ಕೂತ ವೈದ್ಯರು ಚಿತ್ರ ನೋಡಿ, ದೋಷ ಕಂಡುಬಂದಿಲ್ಲ ಎಂದು ತಿಳಿಸಿದರು. ಒಡ್ಡುಕೂಟ ಅವ್ವಿಗೆ ಮತ್ತೆ ಬುಟ್ಟಿ ಕೊಟ್ಟಿತು. ಮಳೆಗಾಲವಿಡೀ ಹೊತ್ತಳು. ಜಾರಿದ ಅಂಗಗಳು ಮೂತ್ರದ ದಾರಿಯನ್ನು ಒತ್ತಿ ಹಿಡಿದವು. ಮೂತ್ರ ಒಳಗೇ ನಿಂತು ಮೂತ್ರಪಿಂಡ ಕೆಟ್ಟಿತು, ಚಳಿಜ್ವರ ಬಂತು. ಮುಂದಿನ ಕಾಂತದೋಣಿ ಬರುವ ಹೊತ್ತಿಗೆ ಅವ್ವಿ ಇರಲಿಲ್ಲ.

ದೋಣಿ ಬಂದ ದಿನ ನಾನು ಹೋಗಿ ಫಿಲೋಮಿನಾ ಅವರ ಮೇಲೆ ಕೂಗಾಡಿದೆ. ಅವರು ತಿರುಗಿ ಬೈಯಲಿಲ್ಲ. “ಅವ್ರು ಮುಕ್ಕಲೇ ಇಲ್ಲ ಬೊಮ್ಮಿ, ಬಿಗಿ ಹಿಡ್ಕೊಂಡೇ ಇದ್ರು. ನಂಗೆ ಕಾಣ್ತಿತ್ತು. ಇನ್ನೊಂದ್ಸಲ ಮಾಡ್ಸೋಣ ಅಂದ್ರೆ ಇಳಿತ ಶುರುವಾಗಿತ್ತು, ದೋಣಿ ಕೆಸರಲ್ಲಿ ಕೂತ್ಬಿಡ್ತಿತ್ತು. ಘಟ್ಟಕ್ಕೆ ಹೋಗೋದು ಬರೀ ಚಿತ್ರ, ನಮ್ಮ ಮಾತಲ್ಲ,” ಎಂದು ಕಣ್ಣು ಒರೆಸಿಕೊಂಡರು.

ಯಾರೂ ಸುಳ್ಳು ಹೇಳಿರಲಿಲ್ಲ. ಯಂತ್ರವೂ ಹೇಳಿರಲಿಲ್ಲ. ಬಿಗಿ ಹಿಡಿದ ಮೈಯ ನಿಜವಾದ ಚಿತ್ರವನ್ನೇ ಅದು ತೆಗೆದಿತ್ತು. ಹೆಂಗಸಿಗೆ ಮೊದಲ ಬುಟ್ಟಿಯ ದಿನದಿಂದ ಬಿಗಿ ಹಿಡಿಯುವುದನ್ನು ಕಲಿಸಿ, ಒಂದು ಗಳಿಗೆ ಬಿಡು ಎಂದರೆ ಅವಳು ಬಿಡುವುದು ಹೇಗೆ? ಇದನ್ನು ನಾನೇ ಕರಪತ್ರವಾಗಿ ಬರೆದು ಗೋಡೆಗೆ ಹಚ್ಚಿದೆ. ಒಡ್ಡುಕೂಟದವರು ಕಿತ್ತರು. ಮತ್ತೆ ಹಚ್ಚುತ್ತೇನೆ.

ಅಕ್ಕಂದಿರೇ, ನಮ್ಮ ಒಡ್ಡಿನ ಆ ಕೂಗು, ಹೆಣ್ಣು ಮಾನಕ್ಕಾಗಿ ಮೈ ಬಿಗಿ ಹಿಡಿದಿರಬೇಕು ಎನ್ನುವ ನಿಮ್ಮ ಮನೆಗಳಲ್ಲೇ ಹುಟ್ಟಿದ್ದು ಎಂದು ನನ್ನ ಅನುಮಾನ. ಚಿತ್ರ ಓದುವವರಿಗೆ ಹೇಳಿ: ದೋಷವಿಲ್ಲ ಎನ್ನುವ ಮೊದಲು ಅವಳು ಮುಕ್ಕಿದಳೇ ಎಂದು ನೋಡಲಿ, ಅವಳನ್ನೇ ಕೇಳಲಿ. ನಿಮ್ಮಲ್ಲಿ ಯಾರಾದರೂ ಆ ಸುರಂಗದಲ್ಲಿ ಮಲಗುವ ದಿನ ಬಂದರೆ ನನ್ನ ಅವ್ವಿಯನ್ನು ನೆನೆಯಿರಿ. ಮಾನದ ಮಾತು ಬಾಗಿಲ ಹೊರಗಿರಲಿ. ಮುಕ್ಕಿರಿ. ಬಟ್ಟೆ ಒದ್ದೆಯಾಗಲಿ, ಕೊಳೆಯಾಗಲಿ. ಅದನ್ನು ಒಗೆಯಬಹುದು.