ದೋಣಿಯವನು ಹಗ್ಗ ಬಿಚ್ಚಿದ

ಲೋ ಗುಮ್ಮನಗುಸುಕ,

ನೀನೀಗ ಎಲ್ಲಿದ್ದೀಯೋ ಗೊತ್ತಿಲ್ಲ, ಇದನ್ನು ಅಂಚೆಗೆ ಹಾಕುವ ಮಾತೂ ಇಲ್ಲ. ಆದರೂ ಹೇಳಿಬಿಡುತ್ತೇನೆ. ನಮ್ಮ ಆಟದ ದೋಣಿಯವನು ಇವತ್ತು ಹೊಳೆ ದಾಟಿಸಿದ.

ನಮ್ಮಿಬ್ಬರ ರಿಪೇರಿ ಅಂಗಡಿಯಲ್ಲಿ ಗಿರಾಕಿ ಬಿಟ್ಟುಹೋದ ಕಂಪ್ಯೂಟರಿನಲ್ಲಿ ಆಡುತ್ತಿದ್ದೆವಲ್ಲ, ಅದೇ ಆಟ. ದಾಟಿಸಲಿ ಎಂದು ಆಟದೊಳಗಿನ ನಮ್ಮ ಚೀಲದಲ್ಲಿದ್ದ ದೀಪ, ಬೀಗದ ಕೈ, ಕೊನೆಗೆ ಕೊಳೆತ ಮೀನನ್ನೂ ಅವನಿಗೆ ಕೊಟ್ಟು ನೋಡಿದ್ದೆವು. ಮೀನು ಕಂಡು ಆ ಮುದುಕ ಮೂಗು ಮುಚ್ಚಿಕೊಂಡಾಗ ನೀನು ನಕ್ಕು ನಕ್ಕು ಸ್ಟೂಲಿನಿಂದ ಬಿದ್ದಿದ್ದೆ. ಆಟವನ್ನು ಬಾಯಿಗೆ ಬಂದಂತೆ ಬೈದು ಎದ್ದರೂ ಮಾರನೆಯ ಸಂಜೆ ಮತ್ತೆ ಅಲ್ಲೇ ಕೂರುತ್ತಿದ್ದೆವು. ಪರದೆಯ ಮೇಲೆ ಮೂಡುವ ಅವನ ಇಂಗ್ಲಿಷ್ ಮಾತನ್ನು ನೀನು ಓದಿ ಹೇಳಲು ಶುರು ಮಾಡಿದರೆ ಸಾಕು, ನಾನು ಗುಂಡಿ ಒತ್ತಿ ಅದನ್ನು ಹಾರಿಸಿ ಮುಂದೆ ಹೋಗುತ್ತಿದ್ದೆ.

ಇವತ್ತು ಸೊಸೆ ಅದೇ ಆಟ ಹಾಕಿಕೊಂಡು ಕೂತಿದ್ದಳು.

"ಹಾರಿಸಮ್ಮ, ಆ ಮುದುಕನ ಕೊರೆತ ಯಾರಿಗೆ ಬೇಕು?" ಅಂದೆ.

"ಮಾವ, ಒಂಚೂರು ಸುಮ್ನಿರ್ತೀರಾ? ಅವನಿನ್ನೂ ಮಾತು ಮುಗಿಸಿಲ್ಲ."

ಅವಳು ಓದಿ ಹೇಳುತ್ತಾ ಹೋದಳು. ಹೊಳೆಯಲ್ಲಿ ಮುಳುಗಿದ ಆ ಮುದುಕನ ತಮ್ಮನ ಕಥೆ ಅದು. ಮುಗಿದ ಮೇಲೆ ಮುದುಕ ತಾನೇ ಎದ್ದು ದೋಣಿಯ ಹಗ್ಗ ಬಿಚ್ಚಿದ. ಅವನಿಗೆ ಕೊಡಬೇಕಾದದ್ದು ಏನೂ ಇರಲಿಲ್ಲ ಕಣೋ, ಕೇಳಿಸಿಕೊಂಡಿದ್ದರೆ ಸಾಕಿತ್ತು. "ಥೂ, ಇಷ್ಟೇನಾ" ಎಂದು ನಾನು ಎದ್ದುಬಂದೆ.

ಅಂಗಡಿ ಬಿಟ್ಟುಹೋದ ದಿನ ನೀನು ಅರ್ಧ ಎಳೆದ ಷಟರ್ ಕೆಳಗೆ ಬಗ್ಗಿ, "ಒಂದ್ ಮಾತು ಹೇಳ್ಬೇಕಿತ್ತು" ಅಂದಿದ್ದೆ. ನನಗೋ ಬೀಗ ಹಾಕುವ ಅವಸರ.

ಅದೇನು ಮಾತಿತ್ತೋ? ಹೇಳು, ಕೂತಿದ್ದೇನೆ.