ಗೋಡೆ ಬದಿಯ ಕುರ್ಚಿ

ಮಾರ್ಚ್ ೪, ಮಂಗಳವಾರ

ಬೆಳಿಗ್ಗೆಯಿಂದ ಎರಡು ಪಂಪಿನ ಮೋಟರಿಗೆ ತಂತಿ ಸುತ್ತಿದೆ. ಮೂರನೆಯದರ ಹೊಟ್ಟೆ ಬಿಚ್ಚಿಟ್ಟು, ಅಂಗಡಿ ಬಾಗಿಲು ಎಳೆದು ತಂಗಿ ಮನೆಗೆ ಹೋದೆ. ಕೈಯಲ್ಲಿ ಅವಳ ಲ್ಯಾಪ್‌ಟಾಪಿಗೆ ಹೊಸ ಬ್ಯಾಟರಿ. ಅವಳನ್ನು ಕೇಳಿ ತಂದದ್ದಲ್ಲ. ನೋಡಿದ ಕೂಡಲೇ ಬೇಡ ಬೇಡ ಎಂದು ಕೈ ಆಡಿಸಿದಳು. ಖರ್ಚಿನ ಚಿಂತೆ ಇರಬೇಕು. ಸುಮ್ಮನಿರು ಎಂದೆ.

ಗಂಟಲಿನ ಮೊದಲ ಆಪರೇಷನ್ ಆಗಿ ಒಂದೂವರೆ ವರ್ಷ. ಆವತ್ತಿನಿಂದ ಅವಳ ಮಾತೆಲ್ಲ ಲ್ಯಾಪ್‌ಟಾಪಿನಲ್ಲೇ. ದೊಡ್ಡ ಅಕ್ಷರದಲ್ಲಿ ಟೈಪ್ ಮಾಡಿ ನಮ್ಮ ಕಡೆ ತಿರುಗಿಸುತ್ತಾಳೆ. ಒಂದು ವರ್ಷದಿಂದ ಅದೂ ಗೂಟಕ್ಕೆ ಕಟ್ಟಿದ ಕರು. ಪ್ಲಗ್ ತೆಗೆದರೆ ಸತ್ತಿತು. ಪ್ಲಗ್ಗಿನ ಬದಿಗೆ ಕುರ್ಚಿ ಹಾಕಿಕೊಂಡು ಅಲ್ಲೇ ಅವಳ ಸಂಸಾರ. ಬರುವ ಸೋಮವಾರ ಎರಡನೇ ಆಪರೇಷನ್ನಿಗೆ ಆಸ್ಪತ್ರೆ ಸೇರಬೇಕು. ವಾರ್ಡಿನಲ್ಲಿ ಹಾಸಿಗೆ ಹಾಸಿಗೆಗೆ ಪ್ಲಗ್ ಯಾರು ಇಟ್ಟಿರುತ್ತಾರೆ? ಅದಕ್ಕೇ ಮಾತು ಕೊಟ್ಟಿದ್ದೆ — ಸೋಮವಾರದೊಳಗೆ ತಂತಿಯಿಲ್ಲದೆ ಓಡಿಸುತ್ತೇನೆ ಎಂದು.

ಓದಿದ್ದು ಹಳ್ಳಿ ಶಾಲೆಯಲ್ಲಿ ಏಳನೇ ಕ್ಲಾಸು. ಆದರೆ ನಾನು ಸ್ಕ್ರೂಡ್ರೈವರ್ ಹಿಡಿದರೆ ಎಂಜಿನಿಯರುಗಳು ಕೈಕಟ್ಟಿ ನಿಲ್ಲಬೇಕು. ಹತ್ತು ಸ್ಕ್ರೂ. ಹಳೆಯದು ಹೊರಗೆ, ಹೊಸದು ಒಳಗೆ. ಪ್ಲಗ್ ಕಿತ್ತೆ... ಆರಲಿಲ್ಲ.

ಅವಳನ್ನು ಅಂಗಳಕ್ಕೆ ಕರೆದುಕೊಂಡು ಹೋಗಿ ಮರದ ಕೆಳಗೆ ಕೂರಿಸಿದೆ. ತೊಡೆಯ ಮೇಲೆ ಲ್ಯಾಪ್‌ಟಾಪ್. ಸ್ವಲ್ಪ ಹೊತ್ತು ಸುಮ್ಮನೆ ಎಲೆ ನೋಡಿದಳು. ಆಮೇಲೆ ಟೈಪ್ ಮಾಡಿದಳು: ಅಣ್ಣಾ, ಇಲ್ಲಿ ಗಾಳಿ ಚೆನ್ನಾಗಿದೆ. ಮುಂದೆ ಇನ್ನೂ ಏನೋ ಒತ್ತುತ್ತಿದ್ದಳು. ನನಗೆ ತಡೆಯಲಾಗಲಿಲ್ಲ. ಬಂದೆ ಇರು ಎಂದು ಅವಳ ಕೈಯಿಂದ ಎತ್ತಿಕೊಂಡು ಬೀದಿಗೆ ಇಳಿದೆ. ಎದುರುಮನೆ ದರ್ಜಿಗೆ ತೋರಿಸಿದೆ. ಸೈಕಲ್ ಅಂಗಡಿಯವನಿಗೆ ತೋರಿಸಿದೆ. ಆ ನಿವೃತ್ತ ಮೇಷ್ಟ್ರಿಗಂತೂ ಎರಡು ಸಲ — ಮೊದಲ ಸಲ ಕನ್ನಡಕ ಹಾಕಿರಲಿಲ್ಲ. ನಲವತ್ತು ನಿಮಿಷ ಓಡಿತು. ನಲವತ್ತು.

ವಾಪಸು ತಂದುಕೊಟ್ಟಾಗ ಮೂರು ಪರ್ಸೆಂಟ್ ಉಳಿದಿತ್ತು. ಹೊಸ ಎತ್ತು, ಬೇಗ ಬಾಯಾರುತ್ತದೆ. ಪ್ಲಗ್ಗಿಗೆ ಹಾಕಿ ಬಂದೆ.

ಮಾರ್ಚ್ ೫, ಬುಧವಾರ

ತುಂಬಿಲ್ಲ. ರಾತ್ರಿಯಿಡೀ ಹಾಕಿದ್ದರೂ ಒಂದು ಪರ್ಸೆಂಟೂ ಏರಿಲ್ಲ. ಪ್ಲಗ್ ಕಿತ್ತರೆ ಮೊದಲಿನ ಕಥೆಯೇ.

ಬಿಚ್ಚಿದೆ. ಕನೆಕ್ಟರ್ ತೆಗೆದು ಮತ್ತೆ ಒತ್ತಿ ಕೂರಿಸಿದೆ. ಪಿನ್ನುಗಳನ್ನು ಸ್ಪಿರಿಟ್ಟಿನಲ್ಲಿ ಒರೆಸಿದೆ. ಬ್ಯಾಟರಿ ಹೊರಗಿಟ್ಟು ಅರ್ಧ ನಿಮಿಷ ಸ್ವಿಚ್ ಅದುಮಿ ಹಿಡಿದೆ — ಒಳಗೆ ಉಳಿದ ಕರೆಂಟು ಇಳಿಯಲಿ ಎಂದು. ಏನೂ ಇಲ್ಲ. ಚಾರ್ಜರಿಗೆ ಮೀಟರ್ ಇಟ್ಟೆ. ಹತ್ತೊಂಬತ್ತೂವರೆ ವೋಲ್ಟ್, ಕಡ್ಡಿ ಮುರಿದಂತೆ. ಅದರಲ್ಲಿ ತಪ್ಪು ಬರುವುದಾದರೂ ಎಲ್ಲಿಂದ? ಹೋದ ವರ್ಷ ಅದರ ಹುರಿ ಬೀರುವಿನ ಕಾಲಿಗೆ ಸಿಕ್ಕಿ ಕತ್ತರಿಸಿದಾಗ ಜೋಡಿಸಿದವನು ನಾನು. ಕರಿ ಟೇಪು ಸುತ್ತಿದ ಆ ಗಂಟನ್ನು ಎರಡು ಕಡೆಯಿಂದ ಆನೆ ಎಳೆದರೂ ಬಿಚ್ಚದು. ಒಳಗೆ ಮೂರು ತಂತಿ ಇಟ್ಟಿದ್ದರು. ಮೂರನೆಯದು ಕೂದಲಿನಷ್ಟು. ಅದನ್ನು ಕತ್ತರಿಸಿ ಬಿಸಾಡಿದೆ. ಬರುವ ಕರೆಂಟಿಗೊಂದು ದಾರಿ, ಹೋಗುವುದಕ್ಕೊಂದು. ಮೂರನೆಯದು ಯಾರ ಮದುವೆಗೆ? ಈ ಮಾತನ್ನು ಬೀದಿಯಲ್ಲಿ ಎಲ್ಲರಿಗೂ ಹೇಳಿ ನಗಿಸಿದ್ದೇನೆ.

ಬ್ಯಾಟರಿ ಮಾರಿದವನೇ ಟೋಪಿ ಹಾಕಿದ್ದು. ಖಂಡಿತ.

ಮಾರ್ಚ್ ೮, ಶನಿವಾರ

ಮಾರಿದವನು ಊರಲ್ಲಿಲ್ಲ. ಬುಧವಾರ ಬರುತ್ತಾನಂತೆ.

ಇವತ್ತು ನಾಲ್ಕನೇ ಸಲ ಬಿಚ್ಚಿದೆ. ಒಂದು ಸ್ಕ್ರೂ ಕಳೆಯಿತು. ತಂಗಿ ನಗುತ್ತಾ ನೋಡುತ್ತಿದ್ದಳು. ಬಿಡು ಅಣ್ಣ, ನಾಲ್ಕು ದಿನ ಮಾತಿಲ್ಲದಿದ್ದರೆ ಜನ ನೆಮ್ಮದಿಯಾಗಿರ್ತಾರೆ ಎಂದು ಟೈಪ್ ಮಾಡಿದಳು. ಅವಳ ಕುಚೋದ್ಯ ಹೋಗಿಲ್ಲ. ಆಮೇಲೆ ಮತ್ತೊಂದು ಸಾಲು: ಗುಬ್ಬಿಗೆ ಮಾತ್ರ ಒಂದು ಮಾತು ಹೇಳೋದಿದೆ. ಎದುರಿಗೇ ಹೇಳಬೇಕು.

ಗುಬ್ಬಿ ಅವಳ ಮಗಳು. ಬೇರೆ ಊರಿನ ಬಸ್ ಡಿಪೋದಲ್ಲಿ ಗುಮಾಸ್ತೆ. ಮಂಗಳವಾರಕ್ಕೇ ರಜೆ ಸಿಕ್ಕಿರುವುದು. ಏನು ಮಾತು ಎಂದೆ. ನಿನ್ನ ಹೊಟ್ಟೇಲಿ ಮಾತು ನಿಲ್ಲಲ್ಲ ಎಂದು ಬರೆದಳು. ನಿಜವೇ. ಅವಳು ಹೇಳಿದ್ದರೆ ಸಂಜೆಯೊಳಗೆ ದರ್ಜಿಗೆ ಗೊತ್ತಾಗುತ್ತಿತ್ತು.

ಮಾರ್ಚ್ ೧೦, ಸೋಮವಾರ

ಸೇರಿಸಿದೆವು. ಒಂಬತ್ತನೇ ಹಾಸಿಗೆ. ಪ್ಲಗ್ ಇರುವುದು ಬಾಗಿಲ ಬಳಿ, ಒಂದೇ. ಎಕ್ಸ್‌ಟೆನ್ಷನ್ ಬಾಕ್ಸ್ ತಂದು ಎಳೆದೆ. ನರ್ಸಮ್ಮ ಅದನ್ನು ನೀಟಾಗಿ ಸುತ್ತಿ ನನ್ನ ಕೈಗೇ ಕೊಟ್ಟರು. ಟ್ರಾಲಿ ಓಡಾಡುವ ದಾರಿಯಂತೆ, ಹೋದ ವಾರ ಯಾರೋ ಎಡವಿ ಬಿದ್ದರಂತೆ. ನನ್ನ ಪ್ರತಾಪವೆಲ್ಲ ಹೇಳಿಕೊಂಡೆ. ಆ ತಾಯಿ ಎಂಥೆಂಥವರನ್ನೋ ನೋಡಿದ್ದಾರೆ.

ಮಾರ್ಚ್ ೧೧, ಮಂಗಳವಾರ. ಸಂಜೆ ಐದು

ಗುಬ್ಬಿ ಮಧ್ಯಾಹ್ನ ಬಂದಳು. ತಂಗಿಯ ಬಲಗೈಗೆ ಸೂಜಿ ಚುಚ್ಚಿ ಪಟ್ಟಿ ಸುತ್ತಿದ್ದಾರೆ. ಪೆನ್ನು ಹಿಡಿಯಲಾಗದು. ಎಡಗೈ ಬೆರಳುಗಳು ಔಷಧಿಗೆ ಊದಿ ನಡುಗುತ್ತಿವೆ. ಫೋನ್ ಕೊಟ್ಟು ನೋಡಿದೆವು — ಒಂದು ಒತ್ತಿದರೆ ಮೂರು ಅಕ್ಷರ ಬೀಳುತ್ತಿತ್ತು. ಲ್ಯಾಪ್‌ಟಾಪ್ ಆಗಿದ್ದರೆ ಒಂದೇ ಬೆರಳಲ್ಲಿ ಕುಟ್ಟಿ ಹೇಳಿಬಿಡುತ್ತಿದ್ದಳು. ಅದು ಮಂಚದ ಮೇಲೆ ಇತ್ತು, ಹಲಗೆಯ ಹಾಗೆ.

ಮಗಳ ಅಂಗೈ ಮೇಲೆ ಬೆರಳಲ್ಲಿ ಏನೋ ಬರೆದಳು. ಗುಬ್ಬಿ ಒಂದೊಂದೇ ಅಕ್ಷರ ಊಹಿಸಿದಳು. ತಂಗಿ ಅಲ್ಲ ಎಂದು ತಲೆ ಅಲ್ಲಾಡಿಸಿದಳು. ಮತ್ತೆ ಬರೆದಳು. ಮತ್ತೆ ಇಲ್ಲ. ನಾನು ನಗಿಸಲು ಹೋಗಿ, ನಿಮ್ಮಮ್ಮ ಒಡವೆ ಎಲ್ಲಿ ಬಚ್ಚಿಟ್ಟಿದ್ದಾಳೆ ಅಂತ ಹೇಳ್ತಿದ್ದಾಳೆ ಎಂದೆ. ಇಬ್ಬರೂ ನಗಲಿಲ್ಲ.

"ಸುಸ್ತು ಮಾಡ್ಕೋಬೇಡಮ್ಮ," ಎಂದಳು ಗುಬ್ಬಿ. "ಆಪರೇಷನ್ ಆಗ್ಲಿ. ಮನೆಗೆ ಬಂದು ಹೇಳು, ಓಡಿಹೋಗ್ತೀನಾ ನಾನು?"

ತಂಗಿ ನನ್ನ ಕಡೆ ತಿರುಗಿದಳು. ಚಾರ್ಜರಿನ ಹುರಿ ಹಾಸಿಗೆ ಮೇಲೆ ಸುತ್ತಿಕೊಂಡು ಬಿದ್ದಿತ್ತು. ನನ್ನ ಕರಿ ಗಂಟಿನ ಮೇಲೆ ಬೆರಳಿಟ್ಟಳು. ನನ್ನ ಮುಖ ನೋಡಿದಳು. ಹಾಗೇ ಎಷ್ಟೋ ಹೊತ್ತು. "ಅದು ಬಿಚ್ಚಲ್ಲ, ಹೆದರಬೇಡ. ಕಲ್ಲು ಅದು," ಎಂದೆ. ಆಗ ಬೆರಳು ತೆಗೆದು, ಅದೇ ಕೈಯಿಂದ ನನ್ನ ಕೆನ್ನೆ ತಟ್ಟಿದಳು.

ಮಾರ್ಚ್ ೧೨, ಬುಧವಾರ. ಬೆಳಿಗ್ಗೆ ಏಳು

ಒಳಗೆ ಕರೆದುಕೊಂಡು ಹೋದರು. ಇವತ್ತು ಬ್ಯಾಟರಿಯವನು ಬರುತ್ತಾನೆ. ಅವಳು ಎಚ್ಚರಾಗುವಷ್ಟರಲ್ಲಿ ಬೇರೆಯದು ಹಾಕಿಸಿ ತರುತ್ತೇನೆ.

ಏಪ್ರಿಲ್ ೨, ಬುಧವಾರ

ಎಚ್ಚರಾಗಲಿಲ್ಲ. ಮೂರು ದಿನ ಹಾಗೇ ಇದ್ದು ಹೋದಳು.

ಬರೆಯಲು ಏನೂ ಇಲ್ಲ. ಮೂರನೇ ಮೋಟರು ಇನ್ನೂ ಹೊಟ್ಟೆ ಬಿಚ್ಚಿಕೊಂಡೇ ಬಿದ್ದಿದೆ. ಅದರ ಯಜಮಾನ ಬಂದು ಬಾಗಿಲಲ್ಲಿ ನಿಂತು ಏನೂ ಕೇಳದೆ ಹೋದ.

ಏಪ್ರಿಲ್ ೧೧, ಶುಕ್ರವಾರ

ಗುಬ್ಬಿ ಫೋನ್ ಮಾಡಿದ್ದಳು. ಅಮ್ಮ ಬರೆದದ್ದು, ಫೋಟೋಗಳು — ಲ್ಯಾಪ್‌ಟಾಪಿನಲ್ಲಿ ಇರುವುದನ್ನೆಲ್ಲ ಪೆನ್‌ಡ್ರೈವಿಗೆ ಹಾಕಿಸಿ ಇಡಬೇಕಂತೆ. ಆ ಮಾತು ಅಂಗೈ ಮೇಲೆ ಇನ್ನೂ ತುರಿಸುತ್ತದೆ ಎಂದಳು. ಮೊದಲ ಅಕ್ಷರ ನ ಇರಬಹುದೇ, ಮ ಇರಬಹುದೇ ಎಂದು ಬಸ್ಸಿನಲ್ಲಿ ಕೂತಾಗಲೆಲ್ಲ ಬರೆದು ನೋಡುತ್ತಾಳಂತೆ.

"ನೀವು ಎಷ್ಟು ಒದ್ದಾಡಿದ್ರಿ ಮಾವ. ನಂಗೊತ್ತು," ಎಂದಳು.

ಏಪ್ರಿಲ್ ೧೯, ಶನಿವಾರ

ಬಸ್ ಸ್ಟ್ಯಾಂಡಿನ ಹಿಂದೆ ಲ್ಯಾಪ್‌ಟಾಪ್ ರಿಪೇರಿ ಮಾಡುವವನೊಬ್ಬನಿದ್ದಾನೆ, ದಪ್ಪ ಕನ್ನಡಕ. ಪೆನ್‌ಡ್ರೈವ್ ಕೆಲಸಕ್ಕೆ ಅವನಲ್ಲಿಗೆ ಹೋದೆ. ಚೀಲದಿಂದ ಹುರಿ ತೆಗೆದದ್ದೇ, ಈ ಗಂಟು ನಾನು ನೋಡಿದ್ದೀನಿ ಎಂದ. ಬ್ಯಾಟರಿಯವನನ್ನು ಬೈಯುತ್ತಿದ್ದೆ ನಾನು. ಅವನು ಮಧ್ಯದಲ್ಲೇ ತಡೆದ.

"ಬ್ಯಾಟರಿಗೆ ಏನೂ ಆಗಿಲ್ಲ ಯಜಮಾನ್ರೇ. ಬಹುಶಃ ಹಳೇದಕ್ಕೂ ಏನೂ ಆಗಿರಲಿಲ್ಲ."

ಟೇಪು ಸೀಳಿ ತೋರಿಸಿದ. ಆ ಕೂದಲು ತಂತಿ ಕರೆಂಟು ತರುವುದಲ್ಲವಂತೆ. ಇದು ನಿನ್ನದೇ ಚಾರ್ಜರ್ ಎಂದು ಲ್ಯಾಪ್‌ಟಾಪಿಗೆ ಗುರುತು ಹೇಳುವುದಂತೆ. ಗುರುತು ಸಿಗದಿದ್ದರೆ ಓಡುತ್ತದೆ, ಆದರೆ ಬ್ಯಾಟರಿಗೆ ತೊಟ್ಟೂ ಬಿಡುವುದಿಲ್ಲ. ಮೀಟರಿನಲ್ಲಿ ಎಲ್ಲ ಸರಿಯಾಗೇ ಕಾಣುತ್ತದೆ. ಹಾಗಾದರೆ ಆ ನಲವತ್ತು ನಿಮಿಷ? ಹೊಸ ಬ್ಯಾಟರಿ ಕಾರ್ಖಾನೆಯಿಂದಲೇ ಸ್ವಲ್ಪ ತುಂಬಿಕೊಂಡು ಬರುತ್ತದೆಯಂತೆ.

ಅಂದರೆ ಅಷ್ಟೇ ಇದ್ದದ್ದು. ಅದನ್ನು ನಾನು ದರ್ಜಿಗೂ ಸೈಕಲ್ ಅಂಗಡಿಗೂ ಹಂಚಿ ಬಂದೆ.

"ಯಾರು ಹಾಕಿದ್ದು ಇದನ್ನ?" ಎಂದ.

"ಯಾರೋ ಒಬ್ಬ," ಎಂದೆ. ಹುಟ್ಟಿದಾಗಿನಿಂದ ನನ್ನ ಕೈಕೆಲಸವನ್ನು ನನ್ನದಲ್ಲ ಎಂದದ್ದು ಇದೇ ಮೊದಲು.

ಹೋದ ವರ್ಷವೇ ಹೇಳಿದ್ದೆನಲ್ಲ ಎಂದು ಅವನು ಗೊಣಗಿದ. ಮಾತು ಬಾರದ ಒಬ್ಬ ಹೆಂಗಸು ಇದನ್ನು ತಂದಿದ್ದರಂತೆ. ಐದು ನಿಮಿಷದ ಕೆಲಸ, ಇಲ್ಲದಿದ್ದರೆ ಬೇರೆ ಚಾರ್ಜರ್ ತಗೊಳ್ಳಿ ಎಂದನಂತೆ. ಒಪ್ಪಲಿಲ್ಲವಂತೆ. ಗಿರಾಕಿಗಳ ದೂರು ಬರೆದುಕೊಳ್ಳುವ ಪುಸ್ತಕ ತೆಗೆದು ಹಿಂದಿನ ಹಾಳೆಗಳನ್ನು ತಿರುವಿದ. ನನ್ನ ಕಡೆ ತಳ್ಳಿದ. ಅವಳದೇ ದುಂಡು ಅಕ್ಷರ.

ಜೋಡಣೆ ಹಾಗೇ ಇರಲಿ. ನಮ್ಮಣ್ಣ ಹಾಕಿದ್ದು. ಬೀದಿಗೆಲ್ಲ ಹೇಳಿಕೊಂಡಿದ್ದಾನೆ. ವಾರಕ್ಕೊಮ್ಮೆ ಬಂದು ಗಂಟು ಮುಟ್ಟಿ ನೋಡಿ ಹೋಗ್ತಾನೆ. ಗೋಡೆ ಬದಿಗೆ ಕೂರೋಕೆ ನಂಗೇನೂ ಕಷ್ಟ ಇಲ್ಲ.

ಎರಡು ಸಲ ಓದಿದೆ. ಮೂರನೇ ಸಲ ಅಕ್ಷರ ಕಾಣಲಿಲ್ಲ. ಅವನು ತಂತಿ ಬೆಸೆಯುತ್ತಿದ್ದ, ನನ್ನ ಕಡೆ ನೋಡಲಿಲ್ಲ. ಐದು ನಿಮಿಷವೂ ಹಿಡಿಯಲಿಲ್ಲ.

ಏಪ್ರಿಲ್ ೨೦, ಭಾನುವಾರ. ಸಂಜೆ ನಾಲ್ಕು

ನೂರು ಪರ್ಸೆಂಟ್. ಪ್ಲಗ್ ಕಿತ್ತು ತಂಗಿ ಮನೆ ಅಂಗಳಕ್ಕೆ ತಂದೆ. ಮರದ ಕೆಳಗೆ ನೆಲಕ್ಕೇ ಕೂತಿದ್ದೇನೆ. ಒಂದು ಗಂಟೆಯಾಯಿತು, ಇನ್ನೂ ಎಪ್ಪತ್ತೆರಡು. ದರ್ಜಿ ಎದುರಿನಿಂದ ನೋಡಿದ. ನಾನು ಕರೆಯಲಿಲ್ಲ.

ಲ್ಯಾಪ್‌ಟಾಪಿನಲ್ಲಿ ಆ ದಿನದ ಹಾಳೆ ಸಿಕ್ಕಿತು. ಅಣ್ಣಾ, ಇಲ್ಲಿ ಗಾಳಿ ಚೆನ್ನಾಗಿದೆ. ಅದರ ಕೆಳಗೆ — ಸ್ವಲ್ಪ ಹೊತ್ತು ಹೀಗೇ ಕೂ

ಅಲ್ಲಿಗೇ ನಾನು ಎತ್ತಿಕೊಂಡದ್ದು.

ಗುಬ್ಬಿಗೆ ಹೇಳಬೇಕೆಂದ ಆ ಮಾತು ಯಾವ ಹಾಳೆಯಲ್ಲೂ ಇಲ್ಲ. ಎಲ್ಲ ತೆಗೆದು ನೋಡಿದೆ. ಎದುರಿಗೇ ಹೇಳಲು ಇಟ್ಟುಕೊಂಡಿದ್ದಳಲ್ಲ.

ಈಗಷ್ಟೇ ಗುಬ್ಬಿ ಬಂದಳು. ಗೇಟಿನಲ್ಲೇ ನಿಂತು ನೋಡಿದಳು, ತಂತಿಯಿಲ್ಲದೆ ಉರಿಯುವ ಪರದೆಯನ್ನು.

"ಓಡ್ತಿದೆಯಲ್ಲ ಮಾವ. ನೀವೇ ಮಾಡಿದ್ರಾ?"

ಹೌದು ಎನ್ನಲು ಬಾಯಿ ತಾನಾಗೇ ತೆರೆಯಿತು. ಎಷ್ಟು ವರ್ಷದ ಅಭ್ಯಾಸ... ಮುಚ್ಚಿಕೊಂಡೆ. ಬಂದು ಕೂತ್ಕೋ ಎಂದೆ. ನೆಲದ ಮೇಲೆ ಯಾಕೆ ಕೂತಿದ್ದೀರಿ ಎಂದು ಬೈದು, ಕುರ್ಚಿ ತರಲು ಒಳಗೆ ಹೋದಳು. ಈ ಮನೆಯಲ್ಲಿ ಹಗುರವಾದದ್ದು ಅದೊಂದೇ, ಗೋಡೆ ಬದಿಯದು. ಅದನ್ನೇ ತರುತ್ತಾಳೆ. ಹಾಕಲಿ. ಅವಳು ಅದರ ಮೇಲೆ ಕೂತ ಮೇಲೆ ಮೊದಲಿನಿಂದ ಹೇಳುತ್ತೇನೆ, ಬೀರುವಿನ ಕಾಲಿನಿಂದ. ಇದೊಂದನ್ನು ಯಾರ ತಲೆಗೂ ಕಟ್ಟದೆ. ಕುರ್ಚಿ ಎಳೆಯುವ ಸದ್ದು... ಬಾಗಿಲು ದಾಟಿದಳು. ನೋಡು ಗುಬ್ಬಿ, ಆ ಗಂಟು